ಟಿಕೆಟ್ ಮೇಡಂ ಆರಿಸಿದ ಕಡಲು

ಅವರ ಎಡಗಾಲಿನ ಚಪ್ಪಲಿಯ ಅಟ್ಟೆ ಬಲಗಾಲಿನದಕ್ಕಿಂತ ಮೂರು ಬೆರಳು ದಪ್ಪವಾಗಿತ್ತು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಆ ಕಾಲು ಗಿಡ್ಡವಾಗಿಬಿಟ್ಟಿತ್ತು. ಜಯನಗರದ ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವವರೊಬ್ಬರು ಟೈರಿನ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿ ಅದನ್ನು ಮಾಡಿಕೊಟ್ಟಿದ್ದರು. ಆ ಚಪ್ಪಲಿಯಲ್ಲೇ ಅವರು ಅರ್ಧ ದೇಶ ಸುತ್ತಿ ಬಂದಿದ್ದರು. ಪ್ರವಾಸದಿಂದ ಮರಳಿದ ವಾರವೆಲ್ಲ ಅದರ ಹೊಲಿಗೆಯೊಳಗಿಂದ ಮರಳು ಉದುರುತ್ತಿತ್ತು.

ತ್ಯಾಗರಾಜನಗರದ ನಮ್ಮ ರಸ್ತೆಯ ಕೊನೆಯಲ್ಲಿ, ತಮ್ಮ ಅಣ್ಣನ ಮನೆಯ ಕಾರ್ ಶೆಡ್ಡನ್ನೇ ಅವರು ಟ್ರಾವೆಲ್ಸ್ ಆಫೀಸು ಮಾಡಿಕೊಂಡಿದ್ದರು. ಒಂದು ಮೇಜು, ಮೂರು ಕುರ್ಚಿ, ಗೋಡೆಗೆ ಒಂದು ಭಾರತದ ಭೂಪಟ. ಹೊರಗೆ ಬೋರ್ಡಿನಲ್ಲಿ ಏನೋ ಹೆಸರಿತ್ತು, ಯಾರೂ ಅದನ್ನು ಬಳಸುತ್ತಿರಲಿಲ್ಲ. ಎಲ್ಲರಿಗೂ ಅವರು ಟಿಕೆಟ್ ಮೇಡಂ.

ತಾವು ಹೋಗಿ ತಂಗದ ಊರಿಗೆ ಅವರು ಯಾರನ್ನೂ ಕಳಿಸುತ್ತಿರಲಿಲ್ಲ. ವರ್ಷಕ್ಕೆ ಎರಡು ಸಲ ಶಟರ್ ಎಳೆದು, ಸ್ಲೀಪರ್ ಕೋಚಿನಲ್ಲಿ ಒಬ್ಬರೇ ಹೊರಟುಬಿಡುತ್ತಿದ್ದರು. ಹೋಟೆಲಿಗೆ ಹೋಗಿ ಹಾಸಿಗೆ ಒತ್ತಿ ನೋಡುವುದು, ಬಚ್ಚಲಿನ ನೆಲ ಜಾರುತ್ತದೆಯೇ ಎಂದು ಕಾಲೂರಿ ನೋಡುವುದು, ರೂಮಿನಿಂದ ರಸ್ತೆಗೆ ಎಷ್ಟು ಮೆಟ್ಟಿಲು ಎಂದು ಎಣಿಸುವುದು, ಇದೇ ಅವರ ಪ್ರವಾಸ. "ಫೋಟೋದಲ್ಲಿ ಮೆಟ್ಟಿಲು ಕಾಣ್ಸಲ್ಲ ರೀ" ಎನ್ನುತ್ತಿದ್ದರು. ಟಿಕೆಟಿನ ಜೊತೆ ಒಂದು ಹಾಳೆಯಲ್ಲಿ ತಮ್ಮ ಕೈಬರಹದ ಸೂಚನೆಗಳನ್ನೂ ಕೊಡುತ್ತಿದ್ದರು. ಸಿಡುಕಿನ ಹೆಂಗಸು ಎಂದು ದೂರುವವರೂ ಇದ್ದರು. ಅದು ಸುಳ್ಳೇನಲ್ಲ. ಒಪ್ಪಿಗೆಯಾಗದ ಪ್ರವಾಸಕ್ಕೆ "ನನ್ನ ಕೈಲಾಗಲ್ಲ, ಬೇರೆ ಕಡೆ ನೋಡ್ಕೊಳಿ" ಎಂದು ಮುಖದ ಮೇಲೇ ಹೇಳಿಬಿಡುತ್ತಿದ್ದರು.

ನನಗೂ ಹಾಗೇ ಹೇಳಿದ್ದರು.

ಅಪ್ಪ ತೀರಿಕೊಂಡು ಏಳು ತಿಂಗಳಾಗಿತ್ತು. ಸಂಜೆ ಪಾರ್ಕಿಗೆ ವಾಕಿಂಗ್ ಹೋದವರು ಅಲ್ಲಿಯ ಕಲ್ಲುಬೆಂಚಿನ ಮೇಲೇ ಕುಸಿದಿದ್ದರು. ಅಮ್ಮ ಕಾಫಿಗೆ ಹಾಲಿಟ್ಟು ಕಾಯುತ್ತಿದ್ದಾಗ ಪಕ್ಕದ ಮನೆಯವರು ಓಡಿಬಂದು ಸುದ್ದಿ ಹೇಳಿದ್ದರು. ಅಂದಿನಿಂದ ಅಮ್ಮ ಮಾತು ಕಡಿಮೆ ಮಾಡಿದಳು. ನಮ್ಮದು ಪಾವಗಡದ ಕಡೆಯ ಲಿಂಗಾಯತರ ಮನೆ. ಬೆಳಿಗ್ಗೆ ಅಪ್ಪ ಅಮ್ಮ ಎದುರುಬದುರು ಕೂತು ಲಿಂಗಪೂಜೆ ಮಾಡಿಕೊಳ್ಳುತ್ತಿದ್ದರು. ಅಮ್ಮ ಅದನ್ನೂ ಬಿಟ್ಟಳು. ಕೊರಳಲ್ಲಿ ಲಿಂಗದ ಕರಡಿಗೆ ಇರುತ್ತಿತ್ತು, ತೆರೆಯುತ್ತಿರಲಿಲ್ಲ. ಏನು ಕೇಳಿದರೂ "ನಿನಗೆ ಹೆಂಗೆ ಬೇಕೋ ಹಂಗೆ ಮಾಡು" ಎನ್ನುವುದೊಂದೇ ಉತ್ತರ.

ಒಂದು ಸಲ ಟೀವಿಯಲ್ಲಿ ಅಲೆಗಳನ್ನು ನೋಡುತ್ತಾ ಕೂತಿದ್ದಾಗ, "ನಿಮ್ಮಪ್ಪ ಕಡಲು ತೋರಿಸ್ತೀನಿ ಅಂತಿದ್ರು" ಎಂದಳು. ಅಷ್ಟೇ. ನಾನು ಅದನ್ನೇ ಹಿಡಿದುಕೊಂಡೆ. ನಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ರಜೆ ಹಾಕಿದೆ. ಅಮ್ಮನನ್ನೂ ಕರೆದುಕೊಂಡು ಒಂದು ಸಂಜೆ ಟಿಕೆಟ್ ಮೇಡಂ ಹತ್ತಿರ ಹೋದೆ. ಗೋಕರ್ಣ ಎಂದು ಆಗಲೇ ತೀರ್ಮಾನಿಸಿಬಿಟ್ಟಿದ್ದೆ. ಕನ್ನಡದ ನಾಡು, ಶಿವನ ಕ್ಷೇತ್ರ, ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಕಡಲು. ಇದಕ್ಕಿಂತ ಸರಿಯಾದದ್ದು ಯಾವುದಿದೆ?

ಮೇಡಂ ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು, ಆದರೆ ಕಣ್ಣಿದ್ದದ್ದು ಅಮ್ಮನ ಮೇಲೆ. ಗಂಟೆ ಐದೂವರೆ. ಅಮ್ಮ ಬಾಗಿಲ ಕಡೆ ನೋಡುವುದು, ಸೆರಗು ಹಿಂಡುವುದು ಮಾಡುತ್ತಿದ್ದಳು. ಕೊನೆಗೆ, "ಒಂಚೂರು ಲೈಟ್ ಹಾಕ್ತೀರೇನಮ್ಮ?" ಎಂದಳು. ಹೊರಗೆ ಇನ್ನೂ ಬಿಸಿಲಿತ್ತು.

ಮೇಡಂ ಎದ್ದು ಲೈಟ್ ಹಾಕಿದರು. ನಂತರ ಕುರ್ಚಿಯನ್ನು ಅಮ್ಮನ ಹತ್ತಿರಕ್ಕೆ ಎಳೆದುಕೊಂಡು ಕೇಳಿದರು.

"ಅಮ್ಮ, ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀರಾ?"

"ನಾಲ್ಕಕ್ಕೇ ಎಚ್ಚರ ಆಗ್ಬಿಡುತ್ತೆ ಕಣಮ್ಮ. ಎದ್ದು ಏನ್ ಮಾಡೋದು, ಸುಮ್ನೆ ಮಲಗಿರ್ತೀನಿ."

"ಪಾವಗಡ ಅಂದ್ರಲ್ಲ, ತೆಲುಗು ಬರುತ್ತಾ?"

"ಬರ್ದೇ ಏನು? ನಮ್ಮ ಕಡೆ ಎಲ್ರಿಗೂ ಬರುತ್ತೆ."

ಮೇಡಂ ಎದ್ದು ಭೂಪಟದ ಹತ್ತಿರ ಹೋದರು. ಅವರ ಬೆರಳು ನಮ್ಮ ಕರಾವಳಿಯನ್ನು ಮುಟ್ಟಲೇ ಇಲ್ಲ. ದೇಶದ ಇನ್ನೊಂದು ಅಂಚಿಗೆ ಹೋಗಿ, ಆಂಧ್ರದ ಕಡಲತೀರದ ಗುಂಟ ಮೇಲಕ್ಕೆ ಸರಿದು ಒಡಿಶಾದಲ್ಲಿ ನಿಂತಿತು. "ಗೋಪಾಲ್‌ಪುರ. ನೀವು ಇಲ್ಲಿಗೆ ಹೋಗಿ."

ನನಗೆ ಸಿಟ್ಟು ಬಂತು. ಒಂದು ದಿನಕ್ಕೂ ಹೆಚ್ಚಿನ ರೈಲು ಪ್ರಯಾಣ, ಗುರುತಿಲ್ಲದ ಊರು, ಅರವತ್ತೆಂಟರ ಅಮ್ಮ. "ಮೇಡಂ, ನಾವು ಕೇಳಿದ್ದು ಗೋಕರ್ಣ. ಟಿಕೆಟ್ ಮಾಡ್ಕೊಟ್ರೆ ಸಾಕು. ನಮ್ಮಮ್ಮನಿಗೆ ಏನ್ ಬೇಕು ಅಂತ ನನಗೆ ಗೊತ್ತು" ಎಂದೆ. ಬೇಕೆಂದೇ ಒರಟಾಗಿ ಆಡಿದೆ.

"ಹಾಗಾದ್ರೆ ಬೇರೆ ಕಡೆ ಮಾಡಿಸ್ಕೊಳಿ" ಎಂದು ಮೇಡಂ ತಮ್ಮ ಕುರ್ಚಿಗೆ ಮರಳಿದರು.

ನಾನು ಬ್ಯಾಗು ಎತ್ತಿಕೊಂಡು ಎದ್ದೆ. ಅಮ್ಮ ಏಳಲಿಲ್ಲ. "ಅವರು ಹೇಳಿದ ಕಡೆಗೇ ಹೋಗೋಣ" ಎಂದಳು. ಏಳು ತಿಂಗಳಲ್ಲಿ ಅಮ್ಮ ತಾನಾಗಿ ತೆಗೆದುಕೊಂಡ ಮೊದಲ ತೀರ್ಮಾನ ಅದು. ನಾನು ಬ್ಯಾಗು ಕೆಳಗಿಟ್ಟೆ.

ಟಿಕೆಟ್ ತರಲು ಮರುದಿನ ಒಬ್ಬಳೇ ಹೋದಾಗ ಮೇಡಂ ಕಾರಣ ಹೇಳಿದರು. ದನಿಯಲ್ಲಿ ಹಿಂದಿನ ದಿನದ ಜಗಳದ ಸುಳಿವೇ ಇರಲಿಲ್ಲ.

"ನಮ್ಮ ಕಡಲು ಚೆನ್ನಾಗಿಲ್ಲ ಅಂತಲ್ಲ ರೀ. ನಾನೇ ಎಷ್ಟೊಂದು ಜನರನ್ನ ಕಳ್ಸಿದೀನಿ. ಆದ್ರೆ ಆ ಕಡೆ ಸೂರ್ಯ ನೀರಿಗೆ ಇಳಿಯೋದು. ಬಂದವರೆಲ್ಲ ಸಂಜೆಗೇ ಕಾಯ್ತಾರೆ, ಸಂಜೆಗೇ ಮರಳಿನ ಮೇಲೆ ಕೂರ್ತಾರೆ. ಐದೂವರೆಗೆ ಲೈಟ್ ಹಾಕಿ ಅನ್ನೋರನ್ನ ಕರ್ಕೊಂಡ್ ಹೋಗಿ, ದಿನಾ ಸೂರ್ಯ ಮುಳುಗೋದನ್ನ ತೋರಿಸ್ತೀರಾ?"

ಏಳು ತಿಂಗಳು ಒಂದೇ ಮನೆಯಲ್ಲಿದ್ದೂ, ಸಂಜೆಯಾಗುತ್ತಿದ್ದಂತೆ ಅಮ್ಮ ಕಿಟಕಿ ಹಾಕುವುದು ಸೊಳ್ಳೆಗೆಂದೇ ನಾನು ಅಂದುಕೊಂಡಿದ್ದೆ. ಅವರು ಹತ್ತು ನಿಮಿಷದಲ್ಲಿ ಅರ್ಥ ಮಾಡಿಕೊಂಡಿದ್ದರು.

"ಪೂರ್ವದಲ್ಲಿ ಬೆಳಗಿನ ಜಾವವೇ ಎಲ್ಲ ನಡೆಯೋದು. ಅಮ್ಮ ನಾಲ್ಕಕ್ಕೆ ಎದ್ರೂ ಅಲ್ಲಿ ಅವರಿಗಿಂತ ಮುಂಚೆ ಎದ್ದಿರೋರು ಇರ್ತಾರೆ. ಮೀನುಗಾರರು. ಅವರಲ್ಲಿ ತುಂಬಾ ಜನ ತೆಲುಗಿನವರು" ಎಂದು ಹಾಳೆಯನ್ನು ನನ್ನ ಕಡೆ ತಳ್ಳಿದರು. ಅದರಲ್ಲಿ ಹೀಗೆ ಬರೆದಿತ್ತು: ಗೋದಾವರಿ ಸೇತುವೆ ಬಂದಾಗ ಅಮ್ಮನನ್ನು ಕಿಟಕಿಗೆ ಕೂರಿಸಿ. ಹೋಟೆಲಿನ ಹಿಂದಿನಿಂದ ಕಡಲಿಗೆ ಐದು ಮೆಟ್ಟಿಲು, ಹಿಡಿಯಲು ಕಂಬಿ ಇಲ್ಲ. ಅಲೆ ಜೋರು, ಮೊಣಕಾಲಿಗಿಂತ ಆಳಕ್ಕೆ ಇಳಿಸಬೇಡಿ. ಸಂಜೆ ಐದಾದರೆ ಪೇಟೆಗೆ ಕರೆದುಕೊಂಡು ಹೋಗಿ, ತರಕಾರಿ ಅಂಗಡಿಯ ಬೆಳಕು ಜೋರಾಗಿರುತ್ತದೆ.

ಗೋಪಾಲ್‌ಪುರದಲ್ಲಿ ಮೊದಲ ಬೆಳಿಗ್ಗೆ ನನಗೆ ಎಚ್ಚರವಾದಾಗ ಅಮ್ಮನ ಹಾಸಿಗೆ ಖಾಲಿ. ಗಾಬರಿಯಿಂದ ಓಡಿದೆ. ಮೆಟ್ಟಿಲ ಕೆಳಗೆ ಮರಳಿನ ಮೇಲೆ, ಬಲೆ ಬಿಡಿಸುತ್ತಿದ್ದ ಮುದುಕಿಯೊಬ್ಬಳ ಎದುರು ಅಮ್ಮ ಕುಕ್ಕರುಗಾಲಲ್ಲಿ ಕೂತಿದ್ದಳು. ಇಬ್ಬರೂ ತೆಲುಗಿನಲ್ಲಿ ಮಾತಿಗಿಳಿದಿದ್ದರು. ಆ ಮುದುಕಿಯ ತೆಲುಗು ಬೇರೆ, ಅಮ್ಮನ ತೆಲುಗು ಬೇರೆ. ಆದರೂ ಮಾತು ನಿಂತಿರಲಿಲ್ಲ. ಆಕೆಯ ಗಂಡ ಕಡಲಿಗೆ ಹೋದವನು ಮರಳಿರಲಿಲ್ಲವಂತೆ, ಹಲವು ವರ್ಷಗಳ ಹಿಂದೆ. ಅಮ್ಮ ಪಾರ್ಕಿನ ಬೆಂಚಿನ ವಿಷಯ ಹೇಳುತ್ತಿದ್ದಳು. ನನ್ನ ಹತ್ತಿರ ಒಮ್ಮೆಯೂ ಆಡದ ಮಾತುಗಳು. ನಾನು ಮೇಲಿನ ಮೆಟ್ಟಿಲಲ್ಲೇ ಕೂತುಬಿಟ್ಟೆ. ನೀರಿನಂಚು ಕೆಂಪಾಯಿತು, ಸೂರ್ಯ ಮೇಲೆದ್ದ. ಅಮ್ಮ ಮಾತು ನಿಲ್ಲಿಸಿ ನೋಡಿದಳು. ಕಣ್ಣೊರೆಸಿಕೊಂಡಳು. ಮತ್ತೆ ಮಾತಿಗೆ ತೊಡಗಿದಳು.

ಮೂರನೆಯ ಬೆಳಿಗ್ಗೆ ಅವಳು ಸ್ನಾನ ಮುಗಿಸಿ, "ಒಂದು ಲೋಟ ನೀರು ತಾ" ಎಂದಳು. ಕಡಲಿನ ಕಡೆಯ ಕಿಟಕಿಯ ಕೆಳಗೆ ಕೂತು, ಕರಡಿಗೆ ತೆರೆದು ಅಂಗೈಯಲ್ಲಿ ಲಿಂಗ ಇಟ್ಟುಕೊಂಡಳು. ನಾನು ನೀರು ಕೊಟ್ಟು ಹೊರಗೆ ಬಂದೆ. ಬಂದು, ಅಪ್ಪ ಹೋದ ಮೇಲೆ ಮೊದಲ ಸಲ, ಮನಸಾರೆ ಅತ್ತೆ.

ಊರಿಗೆ ಮರಳಿದ ಮೇಲೆ ಮೇಡಂಗೆ ಇದನ್ನೆಲ್ಲ ಹೇಳಲು ಓಡಿದೆ. ಅವರು ಮೊದಲು ಕೇಳಿದ್ದು, "ಮೆಟ್ಟಿಲಿಗೆ ಕಂಬಿ ಹಾಕ್ಸಿದಾರಾ?" ಇಲ್ಲ ಎಂದೆ. "ಥೂ ಅವರ" ಎಂದು ಫೋನ್ ಎತ್ತಿ ಹೋಟೆಲಿನವರಿಗೆ ಹರಕು ಹಿಂದಿಯಲ್ಲಿ ಬೈದರು. ಆಮೇಲೆ ನನ್ನ ಮಾತನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡು, "ನಾನೂ ಒಂದ್ಸಲ ಅಲ್ಲಿ ಹನ್ನೊಂದು ದಿನ ಇದ್ದೆ. ಮನೇಲಿ ಇರೋಕಾಗ್ತಿರ್ಲಿಲ್ಲ" ಎಂದರು.

ಎರಡು ವರ್ಷದ ನಂತರ ಅಮ್ಮ ತಾನೇ ಆ ಶೆಡ್ಡಿಗೆ ನಡೆದು ಹೋಗಿ, "ಈಗ ಗೋಕರ್ಣಕ್ಕೆ ಕಳಿಸ್ತೀಯೇನಮ್ಮ?" ಎಂದು ಕೇಳಿದಳಂತೆ. ಮೇಡಂ ಒಂದು ಕ್ಷಣ ಅಮ್ಮನ ಮುಖ ನೋಡಿ, "ಓ, ಈಗ ಧಾರಾಳವಾಗಿ ಹೋಗ್ಬನ್ನಿ" ಎಂದು ನಕ್ಕರಂತೆ. ಹೋಗಿ ಬಂದೆವು. ಸೂರ್ಯ ಮುಳುಗುವಾಗ ಅಮ್ಮ ನನ್ನ ಕೈ ಹಿಡಿದುಕೊಂಡಿದ್ದಳು, ಬಿಗಿಯಾಗೇನೂ ಅಲ್ಲ.

ಈಗೀಗ ಎಲ್ಲರೂ ಫೋನಿನಲ್ಲೇ ರೂಮು ಹಿಡಿಯುತ್ತಾರೆ. ಮೇಡಂ ಹತ್ತಿರ ಹೋಗುವವರು ಕಡಿಮೆಯಾಗಿದ್ದರು. ಕಳೆದ ಮಳೆಗಾಲದಲ್ಲಿ ಜ್ವರ ಎದೆಗೆ ಇಳಿದು ಅವರು ತೀರಿಕೊಂಡರು. ಅಮ್ಮನೂ ನಾನೂ ಹೋದೆವು. ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಜರಗನಹಳ್ಳಿಯಿಂದ, ಸುದ್ದಗುಂಟೆಪಾಳ್ಯದಿಂದ ಜನ ಬಂದಿದ್ದರು, ಒಬ್ಬರ ಗುರುತು ಒಬ್ಬರಿಗಿಲ್ಲ. ಮೇಡಂ ಅವರ ಅತ್ತಿಗೆ ಸೋತ ಮುಖದಲ್ಲಿ ಬಾಗಿಲಲ್ಲಿ ನಿಂತಿದ್ದರು.

"ಯಾರ್ಯಾರೋ ಬರ್ತಿದಾರೆ. ನೀವು ಹೇಗೆ ಪರಿಚಯ ಅಮ್ಮ?"

"ನನ್ನನ್ನ ಒಂದ್ಸಲ ಒಂದೂರಿಗೆ ಕಳ್ಸಿದ್ರು" ಎಂದಳು ಅಮ್ಮ.

"ಯಾವ ಊರಿಗೆ?"

ಅಮ್ಮನಿಗೆ ಆ ಹೊತ್ತಿಗೆ ಊರಿನ ಹೆಸರು ನೆನಪಾಗಲಿಲ್ಲ. ನಾನು ಹೇಳುವಷ್ಟರಲ್ಲಿ ಅವಳೇ ಹೇಳಿದಳು.

"ಬೆಳಕಾಗ್ತದಲ್ಲಮ್ಮ, ಆ ಕಡೆಗೆ."