ಉಗ್ರಾಣದ ಬಾಗಿಲಲ್ಲಿ ಕೂತವರು

ನಿಮ್ಮ ಮನೆಯಲ್ಲಿ ಊಟ ತಡವಾದರೆ ಮೊದಲು ಯಾರ ಮೇಲೆ ಸಿಡುಕುತ್ತೀರಿ? ಒಲೆ ಮುಂದೆ ನಿಂತವಳ ಮೇಲೆ ತಾನೇ? ಸುಳ್ಳು ಹೇಳಬೇಡಿ, ನಾನೂ ಅದನ್ನೇ ಮಾಡಿದವಳು. ಮೊಮ್ಮಗಳು ನನಗೆ ಫೋನಿನಲ್ಲಿ ಕನ್ನಡ ಬರೆಯುವುದನ್ನು ಕಲಿಸಿ ಎರಡು ತಿಂಗಳಾಯಿತು. ಒಂದು ಒತ್ತಕ್ಷರ ಹಾಕುವಷ್ಟರಲ್ಲಿ ಬೆರಳು ಮೂರು ಸಲ ಜಾರುತ್ತದೆ. ಆದರೂ ಇದನ್ನು ಬರೆಯಲೇಬೇಕು. ಇದರಲ್ಲಿ ನನ್ನ ಸೊಸೆಯ ಕೆಲಸ ಉಳಿದ ಕತೆ ಇದೆ, ನಾನು ಐವತ್ತು ವರ್ಷ ಹೊತ್ತು ತಿರುಗಿದ ಒಂದು ಸಿಟ್ಟು ಇಳಿದ ಕತೆಯೂ ಇದೆ.

ನಾವಿರುವುದು ಮದ್ದೂರಿನಲ್ಲಿ. ಸೊಸೆ ದಿನಾ ಬೆಳಿಗ್ಗೆ ರೈಲು ಹಿಡಿದು ಮಂಡ್ಯಕ್ಕೆ ಹೋಗುತ್ತಾಳೆ. ಅಲ್ಲಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ. ಅದೇ ಆಡಳಿತದವರ ಕಾಲೇಜು ಮದ್ದೂರಿನಲ್ಲೊಂದು, ಮಳವಳ್ಳಿಯಲ್ಲೊಂದು ಇದೆ. ಮೂರೂ ಕಡೆಯ ಮೇಷ್ಟ್ರುಗಳ ಮೇಲ್, ಮಕ್ಕಳ ಮೇಲ್ ಎಲ್ಲವೂ ಮಂಡ್ಯದ ಅವಳ ಕೋಣೆಯಿಂದಲೇ ಹಂಚಿಕೆಯಾಗಬೇಕು. ಮೊದಲು ಅದಕ್ಕೆ ಎರಡು ಸರ್ವರ್ ಇದ್ದವು. ಮೇಲ್ ನಿಧಾನ ಎಂದು ದೂರು ಬಂದಾಗ, ಇನ್ನೊಂದು ಬೇಕು ಎಂದು ಪತ್ರ ಬರೆದು ಸಹಿ ಹಾಕಿದವಳು ನನ್ನ ಸೊಸೆ. ಮೂರನೆಯದು ಬಂತು. ಮೇಲ್ ಇನ್ನೂ ನಿಧಾನವಾಯಿತು.

ಅದೂ ಸೀಟು ಹಂಚುವ ಕಾಲ. ಮಳವಳ್ಳಿಯ ಮಕ್ಕಳು ಸೀಟು ಸಿಕ್ಕಿದೆಯೋ ಇಲ್ಲವೋ ಎಂದು ಮೇಲ್ ತೆರೆದರೆ ಬರೀ ಚಕ್ರ ತಿರುಗುತ್ತಿತ್ತಂತೆ. ಶನಿವಾರದ ಸಭೆಯಲ್ಲಿ ಕಾರಣ ಹೇಳಬೇಕು, ಇಲ್ಲದಿದ್ದರೆ ಈ ಕೆಲಸವನ್ನು ಹೊರಗಿನವರಿಗೆ ಒಪ್ಪಿಸಿ ನಿನ್ನನ್ನು ಅರ್ಜಿ ಕೊಡುವ ಕಿಟಕಿಗೆ ಕೂರಿಸುತ್ತೇವೆ ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟಿದ್ದರು. ಬುಧವಾರ ಸಂಜೆ ಅವಳು ಸೊಪ್ಪು ಬಿಡಿಸುತ್ತಾ ಎಲೆಯನ್ನು ಕಸಕ್ಕೂ ಕಡ್ಡಿಯನ್ನು ಪಾತ್ರೆಗೂ ಹಾಕುತ್ತಿದ್ದಳು. ನಾನು ಸಿಡುಕಲಿಲ್ಲ. ಏನಾಗಿದೆ ಎಂದು ಕೇಳಿದೆ.

"ಮಿಷನ್ ಮೂರೂ ಸುಮ್ಕೆ ಕೂತವೆ ಅತ್ತೆ," ಅಂದಳು. "ಮೈಮೇಲೆ ಕೆಲ್ಸಾನೇ ಇಲ್ಲ ಅಂತ ತೋರಿಸ್ತವೆ. ಮೇಲ್ ಮಾತ್ರ ಓಯ್ತಿಲ್ಲ."

ಮಾರನೆಯ ದಿನ ನನ್ನ ಕಣ್ಣು ತೋರಿಸುವುದಿತ್ತು, ಹಾಗಾಗಿ ಅವಳ ಜೊತೆಗೇ ಮಂಡ್ಯಕ್ಕೆ ಹೋದೆ. ಡಾಕ್ಟರು ಬರುವುದು ಹನ್ನೆರಡಕ್ಕೆ. ಅಲ್ಲಿಯವರೆಗೆ ಅವಳ ಕೋಣೆಯಲ್ಲೇ ಸೆರಗು ಹೊದ್ದು ಕೂತೆ. ಮನುಷ್ಯರಿಗಿಲ್ಲದ ಎ.ಸಿ. ಆ ಪೆಟ್ಟಿಗೆಗಳಿಗೆ. ಕಬ್ಬಿಣದ ಗೂಡಿನಲ್ಲಿ ಮೂರು ಸರ್ವರ್ ಒಂದರ ಮೇಲೊಂದು, ಎಲ್ಲದರ ಕೆಳಗೆ ಇನ್ನೊಂದು ದಪ್ಪ ಪೆಟ್ಟಿಗೆ. ಅದು ಯಾರು ಎಂದು ಕೇಳಿದೆ. ಮೂರು ಸರ್ವರಿಗೂ ಸ್ವಂತದ್ದೆಂದು ಏನೂ ಇಲ್ಲವಂತೆ. ಬಂದ ಮೇಲ್ ಎಲ್ಲ ಆ ಕೆಳಗಿನ ಪೆಟ್ಟಿಗೆಯ ಡಿಸ್ಕುಗಳಲ್ಲಿ. ಒಂದು ಸರ್ವರ್ ಕೆಟ್ಟರೂ ಮಿಕ್ಕವು ಕೆಲಸ ನಡೆಸಲಿ ಎಂದು ಎಲ್ಲವನ್ನೂ ಹಾಗೆ ಒಂದೇ ಕಡೆ ಇಟ್ಟಿರುವುದಂತೆ.

ಅವಳು ತನ್ನ ಪರದೆ ನೋಡುತ್ತಿದ್ದಳು. ಪೊರೆ ತೆಗೆಸಿದ ಹೊಸ ಕಣ್ಣಿಗೆ ಬೇರೆ ಕೆಲಸವಿಲ್ಲದೆ ನಾನು ಕೆಳಗಿನ ಪೆಟ್ಟಿಗೆಯ ದೀಪ ನೋಡುತ್ತಿದ್ದೆ. ಮಿಣುಕುವುದು, ಸ್ವಲ್ಪ ನಿಲ್ಲುವುದು, ಮತ್ತೆ ಮಿಣುಕುವುದು. ಗೋಡೆ ಗಡಿಯಾರ ಹತ್ತು ತೋರಿಸಿತು. ಅದಾದ ಮೇಲೆ ಆ ದೀಪ ಉಸಿರೇ ಬಿಡಲಿಲ್ಲ. ಒಂದೇ ಸಮನೆ ಬಡಿದುಕೊಂಡಿತು. ಹತ್ತು ನಿಮಿಷವೂ ಆಗಿರಲಿಲ್ಲ, ಮೊದಲು ಮದ್ದೂರಿನಿಂದ ಫೋನು, ಆಮೇಲೆ ಮಳವಳ್ಳಿಯಿಂದ. ಮೇಲಿನ ಮೂರು ಮಾತ್ರ ತಣ್ಣಗೆ ಕೂತಿದ್ದವು.

ಆಗ ನನಗೆ ನನ್ನ ಅತ್ತೆಯ ಮನೆ ನೆನಪಾಯಿತು.

ಮಳವಳ್ಳಿ ಪಕ್ಕದ ಹಳ್ಳಿ, ತುಂಬಿದ ಮನೆ. ಮೊದಲು ಎರಡು ಒಲೆ, ಇಬ್ಬರು ಸೊಸೆಯರು. ನಾನು ಮೂರನೆಯವಳಾಗಿ ಹೋದಾಗ ಮಾವ ಮೂರನೆ ಒಲೆ ಹಾಕಿಸಿದರು. ಊಟ ಮೊದಲಿಗಿಂತ ತಡವಾಯಿತು. ಹಿಟ್ಟು, ಉಪ್ಪು, ಕಾಳು ಎಲ್ಲ ಇದ್ದದ್ದು ಒಂದೇ ಉಗ್ರಾಣದಲ್ಲಿ. ಅದಕ್ಕೆ ಬಗ್ಗಿ ಹೋಗುವಂಥ ಒಂದೇ ಬಾಗಿಲು. ಸರಿಯಾಗಿ ಒಲೆ ಹಚ್ಚುವ ಹೊತ್ತಿಗೆ ಅತ್ತೆ ಆ ಬಾಗಿಲಿಗೆ ಅಡ್ಡ ಕೂತು, ಮೊರದಲ್ಲಿ ಕಾಳು ಹಸನು ಮಾಡುತ್ತಿದ್ದರು. ನಾವು ಮೂವರೂ ಎಸರಿಟ್ಟು, ಅವರು ಕಾಲು ಮಡಿಸಿ ದಾರಿ ಬಿಡುವುದನ್ನೇ ಕಾಯುತ್ತಾ ನಿಲ್ಲಬೇಕು. ಅವರು ಮೊರ ಕೆಳಗಿಡದೆ ಅನ್ನುತ್ತಿದ್ದರು:

"ಮೂರ್ ಒಲೆ ಉರೀತಾವೆ, ಮೂರ್ ಜನ ನಿಂತವ್ರೆ, ಒಂದ್ ಮುದ್ದೆ ಈಚ್ಗೆ ಬರ್ನಿಲ್ಲ. ಕೈಗೆ ಬಳೆ ಭಾರ್ವಾ?"

ನನ್ನ ಕೈ ನಿಧಾನ ಎಂದು ನೆಂಟರಲ್ಲೆಲ್ಲ ಹೆಸರಾಯಿತು. ನಾನೂ ಅದನ್ನು ನಂಬಿದ್ದೆ.

"ಅಮ್ಮಿ," ಅಂದೆ ಸೊಸೆಗೆ, "ಇವು ಸುಮ್ಕೆ ಕೂತವೋ, ಕಾಯ್ತಾ ಕೂತವೋ?"

ಅವಳು ನನ್ನ ಕಡೆ ತಿರುಗಿದಳು. ನಾನು ಕೆಳಗಿನ ದೀಪ ತೋರಿಸಿ, ಹತ್ತು ಗಂಟೆಗೆ ಅದಕ್ಕೇನೋ ಆಯಿತು ಎಂದೆ. ಅವಳು ಕುರ್ಚಿಯನ್ನೇ ಎಳೆದುಕೊಂಡು ಹೋಗಿ ಏನೇನೋ ಒತ್ತಿದಳು. ಆಮೇಲೆ ಆ ಪೆಟ್ಟಿಗೆಯ ಲೆಕ್ಕಗಳನ್ನು ಒಂದೊಂದಾಗಿ ತೆರೆದು ನೋಡುತ್ತಾ ಹೋದಳು. ನನ್ನ ಡಾಕ್ಟರ ಸಮಯವೂ ಮೀರಿಹೋಯಿತು, ಅದು ಬೇರೆ ಮಾತು.

ಹತ್ತಕ್ಕೆ ಶುರುವಾಗುತ್ತಿದ್ದದ್ದು ಬ್ಯಾಕಪ್. ಅಂದರೆ ಇಡೀ ಉಗ್ರಾಣವನ್ನು ಇನ್ನೊಂದು ಕಡೆಗೆ ನಕಲು ಮಾಡಿಡುವ ಕೆಲಸ. ಎಲ್ಲರೂ ಮೇಲ್ ತೆರೆಯುವ ಹೊತ್ತಿನಲ್ಲೇ ಡಿಸ್ಕುಗಳು ಆ ನಕಲಿಗೆ ಸಿಕ್ಕಿಬಿದ್ದಿರುತ್ತಿದ್ದವು. ಎರಡು ಸರ್ವರ್ ಕೇಳುತ್ತಿದ್ದಲ್ಲಿ ಈಗ ಮೂರು ಕೇಳುತ್ತಿದ್ದರಿಂದ ಸಾಲು ಇನ್ನೂ ಉದ್ದವಾಗಿತ್ತು. ಯಾವ ದಡ್ಡ ಈ ಹೊತ್ತಿಗೆ ಇಟ್ಟನೋ ಎಂದು ಸೊಸೆ ಹಳೆಯ ಕಡತ ತೆಗೆದಳು. ಅವಳಿಗಿಂತ ಮೊದಲು ಅಲ್ಲಿದ್ದವರು ಕೈಯಲ್ಲಿ ಬರೆದಿಟ್ಟಿದ್ದರು. ರಾತ್ರಿ ಕರೆಂಟು ನಂಬುವ ಹಾಗಿಲ್ಲ, ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಹೋಗುವುದಿಲ್ಲ, ಅದಕ್ಕೇ ಈ ಹೊತ್ತು ಎಂದು. ಆಮೇಲೆ ಕಾಲೇಜಿಗೆ ದೊಡ್ಡ ಬ್ಯಾಟರಿ ಬಂತು, ಜನರೇಟರ್ ಬಂತು. ಹೊತ್ತು ಮಾತ್ರ ಹಾಗೇ ಉಳಿಯಿತು.

ಶಿವನಸಮುದ್ರದ ಪವರ್ ಹೌಸಿನ ಮಗ್ಗುಲಲ್ಲೇ ಹುಟ್ಟಿ ಬುಡ್ಡಿ ದೀಪದಲ್ಲಿ ಓದಿದವಳು ನಾನು. ಬೆಳಕು ಇದ್ದಾಗಲೇ ಕೆಲಸ ಮುಗಿಸಿಕೊಳ್ಳುವವರ ಅವಸರ ನನಗೆ ಗೊತ್ತು. ವಾಪಸ್ಸು ರೈಲಿನಲ್ಲಿ ಕೂತಾಗ ಆ ಬರಹವೇ ತಲೆಯಲ್ಲಿ ಓಡುತ್ತಿತ್ತು. ಗೆಜ್ಜಲಗೆರೆ ದಾಟುವ ಹೊತ್ತಿಗೆ ಥಟ್ಟನೆ ಒಂದು ಕಂಡಿತು. ಅತ್ತೆಯ ಉಗ್ರಾಣಕ್ಕೆ ಕಿಟಕಿ ಇರಲಿಲ್ಲ. ಸೂರಿನಲ್ಲಿ ಒಂದು ಬೆಳಕಿಂಡಿ. ಬಿಸಿಲು ಅದರಿಂದ ಇಳಿದು ಬಾಗಿಲ ಹತ್ತಿರ ಬೀಳುತ್ತಿದ್ದದ್ದು ಆ ಒಂದು ಹೊತ್ತು ಮಾತ್ರ. ಕಲ್ಲು ಹುಳ ಕಾಣಬೇಕಾದರೆ ಅತ್ತೆ ಅಲ್ಲೇ, ಆಗಲೇ ಕೂರಬೇಕಿತ್ತು. ನಮ್ಮನ್ನು ಸತಾಯಿಸುವುದಕ್ಕೇ ಕೂರುತ್ತಾರೆ ಎಂದು ನಾನು ಐವತ್ತು ವರ್ಷ ಅಂದುಕೊಂಡಿದ್ದೆ. ಅತ್ತೆ ಹೋಗಿಯೂ ಎಷ್ಟೋ ವರ್ಷವಾಯಿತು. ನನ್ನ ಕೈ ನಿಧಾನವಿರಲಿಲ್ಲ, ಅವರ ಮನಸ್ಸೂ ಅಷ್ಟು ಕೆಟ್ಟದಿರಲಿಲ್ಲ ಎಂದು ಈಗ ಯಾರಿಗೆ ಹೇಳಲಿ? ಪಕ್ಕದಲ್ಲಿ ಕೂತಿದ್ದ ಸೊಸೆಗೇ ಹೇಳಿದೆ.

ಸೊಸೆ ಬ್ಯಾಕಪ್ಪನ್ನು ಬೆಳಗಿನ ಜಾವಕ್ಕೆ ಹಾಕಿದಳು. ಶುಕ್ರವಾರ ಹತ್ತಾದರೂ ಫೋನು ಬರಲಿಲ್ಲ. ಶನಿವಾರದ ಸಭೆಯಲ್ಲಿ, ಮೂರನೆಯ ಸರ್ವರ್ ಕೇಳಿದ್ದು ತನ್ನದೇ ತಪ್ಪು, ಮೊದಲು ಡಿಸ್ಕುಗಳನ್ನು ನೋಡಬೇಕಿತ್ತು ಎಂದು ಅವಳೇ ಬಾಯಿ ಬಿಟ್ಟು ಹೇಳಿದಳಂತೆ. ಕೋಣೆ ಅವಳ ಕೈಯಲ್ಲೇ ಉಳಿಯಿತು. ಹಳೆಯ ಡಿಸ್ಕು ತೆಗೆದು ಚುರುಕಾದವನ್ನು ಹಾಕುವುದಕ್ಕೂ ಒಪ್ಪಿದ್ದಾರೆ. ಮನೆಗೆ ಬಂದವಳು ಎರಡು ಮುದ್ದೆ ಉಂಡಳು.

ಇಷ್ಟನ್ನು ನಾಲ್ಕು ದಿನದಿಂದ ಬರೆಯುತ್ತಿದ್ದೇನೆ, ಅಡುಗೆ ಮನೆಯ ಹೊಸಿಲ ಮೇಲೆ ಕೂತು. ಈಗ ತಾನೇ, ಒಲೆ ಮೇಲೆ ಎಸರಿಟ್ಟು ಹಿತ್ತಿಲಿಗೆ ಹೋಗಿದ್ದ ಸೊಸೆ ಹಿಟ್ಟಿನ ಡಬ್ಬಿಗೆ ಬಂದು, ನನ್ನ ಕಾಲು ದಾಟಲಾರದೆ ನಿಂತಳು. ಇಲ್ಲಿ ಬಿಟ್ಟರೆ ಬೇರೆಲ್ಲೂ ಫೋನಿಗೆ ನೆಟ್‌ವರ್ಕ್ ಸಿಗುವುದಿಲ್ಲ ಎಂದು ಅವಳಿಗೆ ವಿವರಿಸಿದೆ.

"ನಿಮ್ಮತ್ತೆಗೂ ಒಂದ್ ಕಾರ್ಣ ಇತ್ತು, ನಿಮ್ಗೂ ಒಂದದೆ," ಅಂದಳು. "ಎದ್ದು ಅತ್ಲಾಗ್ ಕೂತ್ಕಳಿ ಅತ್ತೆ, ಎಸ್ರು ಕುದೀತಾ ಅದೆ."