ಪರದೆಯ ಕೆಳಗಿನ ಪಾದಗಳು

ಕೋಣೆಯ ಬಾಗಿಲ ಪರದೆಯ ಕೆಳಗೆ ಎರಡು ಬರಿಗಾಲುಗಳು ನಿಂತಿದ್ದವು. ಕೊಚ್ಚಿಗೆ ಬಂದ ಮೊದಲ ಸಂಜೆಯೇ ಅವನ್ನು ಕಂಡೆ. ಏಳು ಗಂಟೆ ಹತ್ತು ನಿಮಿಷ. ಆಚೆಯಿಂದ ಹೆಂಗಸಿನ ದನಿಯೊಂದು ಏನೋ ಉದ್ದದ ಮಾತು ಹೇಳಿತು. ಅದರಲ್ಲಿ ನನಗೆ ತಿಳಿದದ್ದು ‘ಸ್ತುತಿ’ ಎಂಬ ಒಂದೇ ಪದ. ಬಳಿಕ ಮೌನ. ಪಾದಗಳು ಅಲುಗಲಿಲ್ಲ. ಓದುತ್ತಿದ್ದ ಬೈಬಲನ್ನು ಹೆದರಿ ಪಟ್ಟನೆ ಮಡಚಿದೆ. ಪಾದಗಳು ಹೊರಟುಹೋದವು.

ರಾಜ್ಯಗಳು ಭಾಷಾವಾರು ಹಂಚಿಕೆಯಾದ ಮರುವರ್ಷ ಅದು. ನರ್ಸುಗಳಿಗೆ ಪಾಠ ಹೇಳುವ ಕೆಲಸಕ್ಕೆ ನನ್ನನ್ನು ಕರೆಸಿಕೊಂಡಿದ್ದರು. ನಾನು ಬೆಟಗೇರಿಯ ಮಿಷನ್ ಬೋರ್ಡಿಂಗಿನಲ್ಲಿ ಬೆಳೆದವಳು. ಐದೂವರೆಗೆ ಗಂಟೆ, ಆರಕ್ಕೆ ಪ್ರಾರ್ಥನೆ, ಊಟವಾದ ಮೇಲೆ ಎಲ್ಲರೂ ಒಂದೇ ಉಸಿರಿನಲ್ಲಿ ದೇವರಿಗೆ ಕೃತಜ್ಞತೆಯ ವಂದನೆ. ಐವತ್ತು ದಾಟಿದರೂ ಆ ಗಂಟೆ ನನ್ನೊಳಗೆ ಹೊಡೆಯುತ್ತಲೇ ಇತ್ತು. ಒಂದು ಮಾತ್ರ ತಪ್ಪಿತ್ತು. ಜೊತೆಗಿದ್ದ ತಂಗಿ ದೀನಾ ಹಿಂದಿನ ವರ್ಷ ತೀರಿಕೊಂಡಿದ್ದಳು. ಅಂದಿನಿಂದ ಪ್ರಾರ್ಥನೆಯ ಪುಸ್ತಕದಲ್ಲಿ ವಂದನೆಯ ಪುಟ ಬಂದರೆ ಓದದೆ ತಿರುವಿಬಿಡುತ್ತಿದ್ದೆ.

ನಾನು ಹಿಡಿದ ಕೋಣೆ ತ್ರೇಸ್ಯಾ ಎಂಬ ವಿಧವೆಯ ಮನೆಯದು. ಗಂಡ ವಲ್ಲಾರ್ಪಾಡಂ ದ್ವೀಪದ ಕಡೆಗೆ ವಂಚಿ, ಅಂದರೆ ದೋಣಿ, ನಡೆಸುತ್ತಿದ್ದವನು. ಒಂದು ದಿನ ವಂಚಿ ಬಂತು, ಅವನು ಬರಲಿಲ್ಲ. ನಮ್ಮಲ್ಲಾದರೆ ಅಂಥ ಮನೆಯಲ್ಲಿ ದನಿ ತಗ್ಗಿಸಿ ಮಾತಾಡುತ್ತಾರೆ. ಇಲ್ಲಿ ಬೆಳಗಿನಿಂದ ನಗು. ಬಾವಿಯ ನೀರು ತಿಳಿಯಾಗಿದ್ದರೆ ದೇವರಿಗೆ ಸ್ತುತಿ, ಒದ್ದೆ ಸೌದೆ ಹತ್ತಿಕೊಂಡರೆ ಸ್ತುತಿ. ಒಮ್ಮೆ ಮೀನಿನ ಸಾರಿನ ಮಡಕೆ ಕೈಜಾರಿ ಒಡೆಯಿತು. “ಚಟ್ಟಿ ಪೋಯಿ, ಮೀನುಂಡಲ್ಲೋ!” ಎಂದು ನೆಲದ ಮೇಲಿನ ಮೀನು ಆರಿಸುತ್ತ ಆಕೆ ನಕ್ಕಳು. ಮಡಕೆ ಹೋಯಿತು, ಮೀನು ಇದೆಯಲ್ಲ! ನನಗೆ ಆ ನಗುವೇ ಭಯ ತಂದಿತು. ಇಷ್ಟು ಕಳೆದುಕೊಂಡವಳು ಯಾರನ್ನು ನೋಡಿ ಹೀಗೆ ನಗುತ್ತಾಳೆ?

ಸಂಜೆ ಆರೂಮುಕ್ಕಾಲಿಗೆ ಆಕೆ ಜಪಮಾಲೆ ಹಿಡಿಯುತ್ತಿದ್ದಳು. ನಮ್ಮ ಪ್ರಾಟೆಸ್ಟೆಂಟ್ ಸಭೆಯಲ್ಲಿ ಆ ಪದ್ಧತಿ ಇಲ್ಲವಾದ್ದರಿಂದ ನಾನು ನನ್ನ ಕೋಣೆಯಲ್ಲೇ ಓದಿಕೊಳ್ಳುತ್ತಿದ್ದೆ. ಜಪ ಮುಗಿದ ಮೇಲೆ ಆ ಉದ್ದದ ಮಾತು ಮೂರು ಸಲ ಕೇಳುತ್ತಿತ್ತು. ಪರದೆಯ ಸಂದಿನಿಂದ ಕಂಡೆ: ಮೊದಲು ಕೈಜೋಡಿಸಿ ಒಂದು ಖಾಲಿ ಬೆಂಚಿಗೆ ಹೇಳಿದಳು. ಆಮೇಲೆ ಒಂದು ಖಾಲಿ ಕುರ್ಚಿಗೆ ಹೇಳಿ, ಅದರ ಮುಂದೆ ತುಸು ಹೊತ್ತು ನಿಂತು, ಮೆಲ್ಲಗೆ ನಕ್ಕಳು. ಮೂರನೆಯದು ನನ್ನ ಪರದೆಗೆ. ಅಲ್ಲಿ ನಗುವಿಲ್ಲ. ಎರಡು ಪಾದಗಳು, ಕಾಯುವ ಮೌನ. ನಾನು ಪುಸ್ತಕ ಮಡಚಿದರೆ ಮಾತ್ರ ಅವು ಕದಲುತ್ತಿದ್ದವು.

ಪಕ್ಕದ ಬೀದಿಯಲ್ಲಿ ಕಾಸರಗೋಡಿನ ಶಾರದಮ್ಮ ಇದ್ದರು. ಗಂಡ ಕೇಂದ್ರ ಸರ್ಕಾರದ ಕಚೇರಿಯ ಗುಮಾಸ್ತ. ವಾರಕ್ಕೊಮ್ಮೆ ಕನ್ನಡ ಆಡದಿದ್ದರೆ ನಮ್ಮಿಬ್ಬರಿಗೂ ಉಸಿರುಗಟ್ಟುತ್ತಿತ್ತು.

“ಎಂತ ಮಾರಾಯ್ರೆ, ಮುಖ ಹೀಗೆ ಬಿಳುಚಿಕೊಂಡಿದೆ?” ಎಂದರು.

ಹೇಳಿದೆ. ಅವರ ಕಣ್ಣು ಅಗಲವಾಯಿತು. “ಅವಳ ಅತ್ತೆ ತೀರಿಹೋದ್ದು ಅದೇ ಕೋಣೆಯಲ್ಲಂತೆ. ನಿಮ್ಮ ಹಿಂದೆ ಯಾರಾದರೂ ನಿಂತಿರ್ತಾರೋ ಎಂತದೋ!”

“ಹಂಗ ಹೆದರಸಬ್ಯಾಡ್ರಿ ಶಾರದವ್ವ. ಸತ್ತವರನ್ನ ಮಾತಾಡಸೂದು ನಮ್ಮ ಧರ್ಮದಾಗ ಇಲ್ಲ. ನಾಳೆನ ಆ ಮನಿ ಬಿಡ್ತೀನಿ.”

ಹಾಗೆಯೇ ನರ್ಸುಗಳ ಹಾಸ್ಟೆಲಿನಲ್ಲಿ ಕೋಣೆ ಗೊತ್ತುಮಾಡಿದೆ. ಪೆಟ್ಟಿಗೆ ಕಟ್ಟಿದೆ. ನನ್ನ ಮಲಯಾಳ ಅಕ್ಕಿ, ನೀರು, ಬಸ್ಸಿನ ಆಚೆ ಹೋಗುತ್ತಿರಲಿಲ್ಲವಾದ್ದರಿಂದ ವಿಷಯ ತಿಳಿಸಲು ಶಾರದಮ್ಮನನ್ನು ಕರೆದುಕೊಂಡು ಬಂದೆ.

ತ್ರೇಸ್ಯಾ ಕೇಳಿದಳು, ಕೂತಳು. ಮೊದಲ ಬಾರಿಗೆ ಆಕೆಯ ಮುಖದಲ್ಲಿ ನಗು ಇರಲಿಲ್ಲ. ಶಾರದಮ್ಮನಿಗೆ ಏನೇನೋ ಹೇಳಿದಳು. ಶಾರದಮ್ಮ ಹಣೆ ಚಚ್ಚಿಕೊಂಡರು.

“ಅಯ್ಯೋ ದೇವರೇ! ಅದು ಸತ್ತವರಿಗಲ್ಲ ಅಂತೆ, ನಿಮಗೆ! ಸಂಜೆಯ ಪ್ರಾರ್ಥನೆ ಆದಮೇಲೆ ಕಿರಿಯರು ಹಿರಿಯರಿಗೆ ‘ಈಶೋಮಿಶಿಹಾಯ್ಕು ಸ್ತುತಿಯಾಯಿರಿಕ್ಕಟ್ಟೆ’ ಹೇಳ್ಬೇಕು. ಯೇಸುಕ್ರಿಸ್ತನಿಗೆ ಸ್ತುತಿಯಾಗಲಿ ಅಂತ. ಹಿರಿಯರು ‘ಎಪ್ಪೋಳುಂ ಎಪ್ಪೋಳುಂ’ ಅನ್ಬೇಕು. ಯಾವಾಗಲೂ, ಯಾವಾಗಲೂ. ನೀವು ಇವಳಿಗಿಂತ ಎರಡು ವರ್ಷಕ್ಕೆ ದೊಡ್ಡವರು. ಈ ಮನೆಯ ಹಿರಿಯರು ಈಗ ನೀವಲ್ವಾ?”

“ಮತ್ತ ಆ ಬೆಂಚು, ಕುರ್ಚಿ?”

“ಬೆಂಚು ಅತ್ತೆಯದ್ದು, ಕುರ್ಚಿ ಗಂಡನದ್ದು. ಸತ್ತವರನ್ನು ಕರೆಯುದಲ್ಲ, ಮೂವತ್ತು ವರ್ಷದ ಅಭ್ಯಾಸ, ನಾಲಗೆ ಕೇಳುದಿಲ್ಲ ಅಂತಾಳೆ. ಗಂಡ ಬೇಕಂತಲೇ ಉತ್ತರ ತಡಮಾಡಿ ಇವಳನ್ನು ನಿಲ್ಲಿಸ್ತಿದ್ದನಂತೆ. ಅದು ನೆನಪಾಗಿ ನಗು ಬರ್ತದಂತೆ.”

ತ್ರೇಸ್ಯಾ ನನ್ನ ಕಡೆಗೆ ತಿರುಗಿ ನಿಧಾನವಾಗಿ ಹೇಳಿದಳು, ಶಾರದಮ್ಮ ಅದನ್ನು ಕನ್ನಡಕ್ಕೆ ತಂದರು: “ಟೀಚರೇ, ನಿಮ್ಮ ಸಭೆ ಬೇರೆ. ಉತ್ತರ ಕೊಡಿ ಅಂತ ಹೇಗೆ ಕೇಳಲಿ? ನೀವು ಪುಸ್ತಕ ಮಡಚುವ ಸದ್ದು ಬರುತ್ತಿತ್ತು. ಅದೇ ಉತ್ತರ ಅಂದುಕೊಂಡು ಹೋಗುತ್ತಿದ್ದೆ.”

ಮೂರು ತಿಂಗಳು! ನಾನು ಹೆದರಿ ಮಡಚಿದ್ದನ್ನು ಆಕೆ ಆಶೀರ್ವಾದವೆಂದು ತೆಗೆದುಕೊಂಡು, ಅದರ ಮೇಲೆ ಮರುದಿನವಿಡೀ ನಕ್ಕಿದ್ದಳು.

ಪೆಟ್ಟಿಗೆ ಬಿಚ್ಚಿದೆ. ಆ ಸಂಜೆ ಪಾದಗಳು ಬಂದು ನಿಂತವು. ಪರದೆ ಸರಿಸಿ “ಎಪ್ಪೋಳುಂ ಎಪ್ಪೋಳುಂ” ಎಂದೆ. ಉಚ್ಚಾರ ಕೇಳಿ ಆಕೆ ಬಿದ್ದುಬಿದ್ದು ನಕ್ಕಳು. ಒಳಗೆ ಬಂದು ಪ್ರಾರ್ಥನೆಯ ಪುಸ್ತಕ ತೆರೆದೆ. ವಂದನೆಯ ಪುಟವನ್ನು ಓದಿದೆ. ದೀನಾಳ ಹೆಸರು ಹಿಡಿದು ಓದಿದೆ. ಸತ್ತಿದ್ದಕ್ಕಲ್ಲ, ಇದ್ದಿದ್ದಕ್ಕೆ.

ಮರುವರ್ಷ ತಿರುವನಂತಪುರಕ್ಕೆ ವರ್ಗವಾಯಿತು. ತಂಪಾನೂರಿನಲ್ಲಿ ಬಸ್ಸಿಳಿದು ಉಳ್ಳೂರಿನ ಕ್ವಾರ್ಟರ್ಸಿಗೆ ಬಂದೆ. ಕೊಚ್ಚಿಯಲ್ಲಿ ಎಲ್ಲಿ ನೋಡಿದರೂ ನೀರು, ಇಲ್ಲಿ ಏರು ಇಳಿಜಾರು. ಅಲ್ಲಿ ಗೋಡೆಗೂ ಉಪ್ಪಿನ ಪಸೆ, ಇಲ್ಲಿ ಒಣ ಸುಣ್ಣ. ಈ ಕೋಣೆಗೂ ನಾನೇ ಒಂದು ಪರದೆ ಕಟ್ಟಿದ್ದೇನೆ. ಅದರ ಕೆಳಗೆ ಯಾರ ಪಾದಗಳೂ ಇಲ್ಲ. ಆದರೂ ಏಳು ಹತ್ತಕ್ಕೆ ಉತ್ತರ ಹೇಳುತ್ತೇನೆ. ಕೊಚ್ಚಿಯಲ್ಲಿ ಒಬ್ಬಳು ಅದೇ ಹೊತ್ತಿಗೆ ನಿಂತಿರುತ್ತಾಳೆ.

ಕಳೆದ ರಜೆಯಲ್ಲಿ ಬೆಟಗೇರಿಗೆ ಹೋದೆ. ಅಣ್ಣನ ಮನೆ, ಜೋಳದ ರೊಟ್ಟಿ, ನನ್ನದೇ ಮಾತು. ಊಟಕ್ಕೆ ಮೊದಲು ಕನ್ನಡದಲ್ಲಿ ವಂದನೆ ಹೇಳಿದೆವು, ನನ್ನ ದನಿಯೇ ಎಲ್ಲರಿಗಿಂತ ಗಟ್ಟಿ. ಗೋಡೆಯ ಗಡಿಯಾರದಲ್ಲಿ ಏಳು ಹತ್ತಾಯಿತು. ನಾನು ಬಾಗಿಲ ಕಡೆ ತಿರುಗಿ “ಎಪ್ಪೋಳುಂ ಎಪ್ಪೋಳುಂ” ಎಂದು ನಕ್ಕೆ.

ಅಣ್ಣನ ಮಗಳ ಕೈಯ ತುತ್ತು ಹಾಗೇ ನಿಂತಿತು.

“ಅತ್ತಿ, ಯಾರಿಗಂದಿ?”

ನಾನು ಬಾಯಿ ತೆರೆಯುವ ಮೊದಲೇ ಅವಳು ಬಗ್ಗಿ, ಬಾಗಿಲ ಪರದೆಯ ಕೆಳಗೆ ನೋಡಿದಳು.