ಗಾಳಿಗಿಂತ ಮೊದಲು ಕಲ್ಲಿದ್ದಲು

ಅವರ ಬಲಗೈ ಕಿರುಬೆರಳಿನ ಉಗುರು ಉದ್ದವಾಗಿತ್ತು. ಅದರಿಂದ ಕಂಟ್ರೋಲ್ ರೂಮಿನ ಪರದೆಯನ್ನು ಟಕ್ ಟಕ್ ಎಂದು ಕುಟ್ಟುತ್ತಿದ್ದರು. ಆ ಸದ್ದು ಕೇಳಿದರೆ ಯಾರಿಗೋ ಬೈಗುಳ ಕಾದಿದೆ ಎಂದೇ ಅರ್ಥ. ಖಾನಾಪುರದ ಬಳಿಯ ಕಾರ್ಖಾನೆಯೊಂದರ ಕಲ್ಲಿದ್ದಲು ವಿದ್ಯುತ್ ಘಟಕದಲ್ಲಿ ಅವರು ಶಿಫ್ಟಿನ ಸಾಹೇಬರು. ನಾನು ಅವರ ಕೈಕೆಳಗಿನ ಆಪರೇಟರ್. ಅವರು ನನಗೆ ಹಿಡಿಸಿದ ದಿನ ಒಂದೂ ನೆನಪಿಗೆ ಬರುವುದಿಲ್ಲ.

ಹಗಲು ಸೋಲಾರ್ ಕರೆಂಟು ತುಂಬಿರುತ್ತದೆ. ಆಗ ನಾವು ಬೆಂಕಿ ತಗ್ಗಿಸಬೇಕು. ಹೊತ್ತು ಇಳಿಯುತ್ತಲೇ ಮತ್ತೆ ಏರಿಸಬೇಕು. ಅದಕ್ಕೆಂದೇ ಹೊಸ ಆಟೋ ಕಂಟ್ರೋಲ್ ಬಂದಿತ್ತು. ಏರಿಸುವಾಗ ಅದು ಮೊದಲು ಗಾಳಿ ಕೊಡುತ್ತದೆ, ಆಮೇಲೆ ಕಲ್ಲಿದ್ದಲಿನ ಪುಡಿ. ಪುಡಿ ಮುಂದಾದರೆ ಬಾಯ್ಲರಿನೊಳಗೆ ಉರಿಯದೆ ಉಳಿದು, ಗಾಳಿ ಸಿಕ್ಕೊಡನೆ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಸಾಹೇಬರಿಗೆ ಆ ನಿಧಾನ ಆಗುತ್ತಿರಲಿಲ್ಲ. "ಮದಿವ್ಯಾಗ ಬೀಗರು ಎದ್ದಂಗ ಏಳತೈತಿ ಇದು," ಎನ್ನುತ್ತಿದ್ದರು.

ಒಂದು ಸಂಜೆ ಲೋಡ್ ಬೇಗ ಏರಿಸಿ ಎಂದು ಫೋನ್ ಬಂತು. ಅವರು ಆಟೋ ಕಂಟ್ರೋಲ್ ತೆಗೆದು ಕೈಯಿಂದಲೇ ನಡೆಸತೊಡಗಿದರು.

"ಸಾಹೇಬ್ರ, ಗಾಳಿ ಕಡಿಮಿ ಐತ್ರಿ," ಎಂದೆ.

"ನನಗ ಕಲಸ್ತಿ ಏನಲೇ? ಸುಮ್ಮ ಕುಂದರು."

ಪುಡಿ ಹೆಚ್ಚಿಸಿದರು. ಪರದೆಯಲ್ಲಿ ಜ್ವಾಲೆಯ ಗುರುತು ಮಿಣುಕತೊಡಗಿತು. ಬಾಯ್ಲರ್ ಹತ್ತಿರ ನಮ್ಮ ಹೆಲ್ಪರ್, ನಂದಗಡದ ಕಾಕಾ ಇದ್ದರು. ಸಾಹೇಬರು ವಾಕಿಟಾಕಿಯಲ್ಲಿ, "ಕಿಂಡಿ ತಗದು ಬೆಂಕಿ ನೋಡೋ," ಎಂದರು. ಹೇಳುತ್ತಲೇ ಗಾಳಿಯನ್ನೂ ಏರಿಸಿದರು. ನೆಲ ಅದುರಿತು. ಕಿಂಡಿಯಿಂದ ಹೊರಬಂದ ಉರಿ ಕಾಕಾನ ಎಡಗಣ್ಣು, ಕೆನ್ನೆ ಸುಟ್ಟಿತು.

ಕಾಕಾ ಹೇಳದೆ ಕೇಳದೆ ಕಿಂಡಿ ತೆರೆದ ಎಂದು ಸಾಹೇಬರು ವಿಚಾರಣೆಯಲ್ಲಿ ಹೇಳಿದರು. ನಾನು ಕಂಡದ್ದನ್ನು, ಕೇಳಿದ್ದನ್ನು ಹೇಳತೊಡಗಿದೆ. ಅವರು ಮೇಜಿನ ಮೇಲೆ ಉಗುರು ಕುಟ್ಟಿ, "ಸುಳ್ಳು," ಎಂದರು. ವಿಚಾರಣೆಯವರು ಅವರ ಮಾತನ್ನೇ ನಂಬಿದರು. ಕಾಕಾನ ಕೆಲಸ ಹೋಯಿತು.

ಈ ವರ್ಷ ಸಾಹೇಬರು ತೀರಿಕೊಂಡರು. ಅನಗೋಳದ ಮನೆಯಲ್ಲಿ ಹೆಣಕ್ಕೆ ವಿಭೂತಿ ಹಚ್ಚಿ ಕೂರಿಸಿದ್ದರು, ಮುಂದೆ ಭಜನೆ ನಡೆದಿತ್ತು. ಉಗುರು ಹಾಗೇ ಇತ್ತು. ಕಾಕಾ ಬಂದು ಹಾರ ಹಾಕಿದರು. ಸಾಹೇಬರ ಹೆಂಡತಿ ಅವರನ್ನು ನೋಡಿ, "ಯಪ್ಪಾ, ನಿಮ್ಮ ಮಾರಿಗೆ ಏನಾತ್ರಿ?" ಎಂದರು. ಆಕೆಗೆ ಗೊತ್ತೇ ಇರಲಿಲ್ಲ.

ಕಾಕಾ ತಲೆ ತಗ್ಗಿಸಿದರು. "ಮನ್ಯಾಗ ಒಲಿ ಮುಂದ ಸುಟ್ಟಿತ್ರಿ ವೈನಿ. ನಂದ ತಪ್ಪು."

"ಕಾಕಾಂದು ತಪ್ಪಲ್ರಿ," ಎಂದೆ ನಾನು. "ಕಿಂಡಿ ತಗಿ ಅಂದವರು ಇವರು. ನಾ ಬಾಜೂಕ ಕುಂತಿದ್ದೆ."

ಭಜನೆ ನಿಂತಿತು. ಯಾರೋ ನನ್ನ ತೋಳು ಹಿಡಿದು ಹೊರಗೆ ಕರೆತಂದರು. ಕಾಕಾ ಹಿಂದೆಯೇ ಬಂದರು.

"ಹೆಣದ ಮುಂದ ಹೇಳ್ತಾರೇನೋ ತಮ್ಮಾ?"

"ಹೇಳಾಕ ಬ್ಯಾರೆ ಜಾಗಾ ಇರಲಿಲ್ಲ ಕಾಕಾ," ಎಂದೆ. "ಅವರು ಸುಮ್ಮ ಕುಂತಿದ್ದು ಇವತ್ತ ಒಂದ ದಿನ."